ಹತ್ತು ಲಕ್ಷವೋ ಕೋಟಿಯೋ

ಇವತ್ತು ಬೆಳಿಗ್ಗೆ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಿಂದ ವರ್ಕ್‌ಶಾಪಿಗೆ ಬರುತ್ತಿದ್ದಾಗ, ತಿರುವು ಮುಗಿದ ಮೇಲೂ ಆಟೋದವರು ಇಂಡಿಕೇಟರ್ ಆರಿಸಿರಲಿಲ್ಲ. ಅದು ಟಕ್ ಟಕ್ ಎನ್ನುತ್ತಲೇ ಇತ್ತು. ನಾನು ನನಗರಿವಿಲ್ಲದೆ ಎಣಿಸುತ್ತಿದ್ದೆ. ಈ ಚಟ ನನಗೆ ಅಂಟಿದ್ದು ಹನೂರಿನ ಆಚೆ ಕಾಡಂಚಿನಲ್ಲಿ ಬೇಸಾಯ ಮಾಡುವ ಪುಟ್ಟಮಾದಮ್ಮನವರಿಂದ.

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಆನೆ ಬಾರದಂತೆ ಹೊಲಕ್ಕೆ ಹಾಕುವ ಸೋಲಾರ್ ಬೇಲಿ ನೋಡಿರುತ್ತೀರಿ. ಅದರ ತಂತಿಗೆ ಸೆಕೆಂಡಿಗೊಮ್ಮೆ ಟಕ್ ಎಂದು ಕರೆಂಟಿನ ಹೊಡೆತ ಕೊಡುವ ಪೆಟ್ಟಿಗೆಯೊಂದಿರುತ್ತದೆ. ಆ ಪೆಟ್ಟಿಗೆಯೊಳಗಿನ ಚಿಪ್ಪಿಗೆ ಪ್ರೋಗ್ರಾಮು ಬರೆಯುವವನು ನಾನು. ಚಿಪ್ಪಿಗೆ ಸೆಕೆಂಡು ಎಂದರೆ ತಿಳಿಯದು. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಅದರ ಅಳತೆ. ಹಾಗಾಗಿ ಒಂದರ ಮುಂದೆ ಆರು ಸೊನ್ನೆ ಬರೆಯಬೇಕು.

ನಾನು ಹೊಸದಾಗಿ ಬರೆದ ಪ್ರೋಗ್ರಾಮಿನ ಮೊದಲ ಪೆಟ್ಟಿಗೆ ಹೋದದ್ದು ಪುಟ್ಟಮಾದಮ್ಮನವರ ಹೊಲಕ್ಕೆ. ವಾರ ಕಳೆಯುವುದರೊಳಗೆ ಫೋನು ಬಂತು. ಆನೆ ತಂತಿ ದಾಟಿ ಅರ್ಧ ಎಕರೆ ಮುಸುಕಿನ ಜೋಳ ತುಳಿದಿತ್ತು. ನಾನು ಓಡಿದೆ. ಮೀಟರ್ ಹಿಡಿದರೆ ಕರೆಂಟು ಪೂರ್ತಿ ಇತ್ತು. ಬ್ಯಾಟರಿ ಸರಿ, ಅರ್ಥಿಂಗ್ ಸರಿ. ತಂತಿಗೆ ತಗುಲುತ್ತಿದ್ದ ಕಳೆ ಕಿತ್ತು, ಏನೋ ಸಾಧಿಸಿದವನಂತೆ ವಾಪಸಾದೆ. ಮೂರೇ ದಿನಕ್ಕೆ ಆನೆ ಮತ್ತೆ ಬಂತು. ನಾನೂ ಮತ್ತೆ ಹೋದೆ.

"ನೀವು ಮೀಟ್ರು ಇಟ್ರೆ ಕರೆಂಟದೆ, ಆನೆ ಬಂದ್ರೆ ಇಲ್ವ? ಇದ್ಯಾವ ಥರ ಸಾ?" ಎಂದರು ಪುಟ್ಟಮಾದಮ್ಮ.

ಆನೆಗೇ ಏನಾದರೂ ಉಪಾಯ ತಿಳಿದಿದೆಯೇ ಎಂದು ಕೂಡ ಯೋಚಿಸಿದೆ. ಪೆಟ್ಟಿಗೆಯ ಮುಂದೆ ಮಂಕಾಗಿ ಕುಳಿತವನನ್ನು ನೋಡಿ ಅವರೇ ಹೇಳಿದರು:

"ಪಕ್ಕದೊಲದ ಪೆಟ್ಗೆ ಗಡಿಯಾರದಂಗೆ ಟಕ್ ಟಕ್ ಅಂತದೆ. ನಮ್ದು ಒಂದ್ಸಲ ಟಕ್ ಅಂದ್ರೆ, ನಾನು ಎಲೆಗೆ ಸುಣ್ಣ ಅಚ್ಚಿ, ಮಡಿಸಿ, ಬಾಯ್ಗಾಕಂಡ ಮ್ಯಾಲೆ ಇನ್ನೊಂದು ಟಕ್. ಅದು ಅಂಗೇನಾ?"

ಅಂಗಲ್ಲ. ಮೀಟರು ಒಂದು ಹೊಡೆತ ಸಿಕ್ಕರೂ ಆ ಅಂಕಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂತರ ಎಷ್ಟೆಂದು ಹೇಳುವುದಿಲ್ಲ.

ವರ್ಕ್‌ಶಾಪಿಗೆ ಬಂದು ಸೊನ್ನೆಗಳ ಮೇಲೆ ಬೆರಳಿಟ್ಟು ಎಣಿಸಿದೆ. ಆರು ಬಂತು. ಇನ್ನೊಮ್ಮೆ ಎಣಿಸಿದರೆ ಏಳು. ಕೊನೆಗೆ ಚಿಕ್ಕಂದಿನಲ್ಲಿ ಯಳಂದೂರಿನ ಶಾಲೆಯಲ್ಲಿ ಮಾಡಿದಂತೆ ಬಿಡಿ, ಹತ್ತು, ನೂರು ಎಂದು ಬಲಗಡೆಯಿಂದ ಬಾಯಿಬಿಟ್ಟು ಹೇಳುತ್ತ ಬಂದೆ. ಕೋಟಿಗೆ ಮುಟ್ಟಿತು. ಹತ್ತು ಲಕ್ಷ ಬರೆಯಬೇಕಾದಲ್ಲಿ ನಾನು ಕೋಟಿ ಬರೆದಿದ್ದೆ. ಸೆಕೆಂಡಿಗೊಮ್ಮೆ ಬೀಳಬೇಕಾದ ಹೊಡೆತ ಹತ್ತು ಸೆಕೆಂಡಿಗೊಮ್ಮೆ ಬೀಳುತ್ತಿತ್ತು. ಆನೆ ಸಾವಕಾಶವಾಗಿ ದಾಟಿಕೊಂಡು ಬಂದಿತ್ತು.

ಮಾರನೆಯ ದಿನ ತಿದ್ದಿದ ಪೆಟ್ಟಿಗೆಯೊಂದಿಗೆ ಹೋಗಿ, ತಪ್ಪು ನನ್ನದೆಂದು ಇದ್ದದ್ದು ಇದ್ದಂತೆ ಹೇಳಿದೆ. ಬೈಗುಳಕ್ಕೆ ತಯಾರಾಗಿಯೇ ನಿಂತಿದ್ದೆ. ಅವರು ತುಳಿದುಹೋದ ಜೋಳದ ಕಡೆ ಒಮ್ಮೆ ನೋಡಿದರು.

"ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ತಾನೇ ಸಾ?"

"ಹೌದಮ್ಮ."

"ಏನೂ ಇಲ್ದುದ್ದು ಒಂದು ಎಚ್ಚಾಗಿದ್ದುಕ್ಕೆ ಇಷ್ಟಾಯ್ತಾ?"

ಆನೆ ಕೆಡವಿದ್ದ ಬೇಲಿಕಂಬಗಳನ್ನು ಎತ್ತಿ ನಿಲ್ಲಿಸಲು ಸಂಜೆಯವರೆಗೆ ಕೈಜೋಡಿಸಿದೆ. ಹೊರಡುವಾಗ ಅವರು ಒಂದು ಲೋಟ ಮಜ್ಜಿಗೆ ಕೊಟ್ಟರು. ಅದನ್ನು ಕುಡಿಯುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಯಿತು.

ಆಮೇಲೆ ಅಂಕಿಯ ನಡುವೆ ಗೀಟು ಹಾಕಿ ಬರೆಯತೊಡಗಿದೆ. ಅಲ್ಲೂ ಗೊಂದಲ. ಲಕ್ಷದ ಲೆಕ್ಕದಲ್ಲಿ 10_00_000 ಎಂದು ಹಾಕಿದರೆ ನಮ್ಮ ವರ್ಕ್‌ಶಾಪಿನ ಮಾಲೀಕರು, "ಇದೇನ್ರೀ, ಸೊನ್ನೆ ಬಿಟ್ಟೋಗಿದೆ" ಎಂದು ಗಾಬರಿಯಾಗುತ್ತಾರೆ. ಅವರಿಗೊಪ್ಪುವಂತೆ ಮೂರು ಸೊನ್ನೆಗೊಂದು ಗೀಟು ಹಾಕಿದರೆ ನನ್ನ ಕಣ್ಣು ತಡವರಿಸುತ್ತದೆ. ಈಗ ಇಬ್ಬರಿಗೂ ಕಷ್ಟ ಬೇಡವೆಂದು, ಸಾವಿರ ಗುಣಿಸು ಸಾವಿರ ಎಂದು ಬರೆದು, ಅದಕ್ಕೆ 'ಹೊಡೆತದ ಅಂತರ' ಎಂದು ಹೆಸರಿಡುತ್ತೇನೆ. ಲೆಕ್ಕವನ್ನು ಕಂಪ್ಯೂಟರೇ ಮಾಡಿಕೊಳ್ಳುತ್ತದೆ.

ಇವತ್ತೂ ಒಂದು ಹೊಸ ಪೆಟ್ಟಿಗೆ ಸಿದ್ಧವಾಗಿದೆ. ಗಡಿಯಾರವಿಟ್ಟುಕೊಂಡು ಪೂರ್ತಿ ಒಂದು ನಿಮಿಷ ಎಣಿಸಿದೆ. ಸರಿಯಾಗಿದೆ ಅನ್ನಿಸುತ್ತದೆ, ಆದರೆ ಸರಿಯಾಗಿದೆ ಎನ್ನುವ ಧೈರ್ಯ ಸಾಲದು. ಮಧ್ಯಾಹ್ನದ ಬಸ್ಸಿಗೆ ನಾನೇ ತೆಗೆದುಕೊಂಡು ಹೋಗಿ ಬೇಲಿಗೆ ಕೂಡಿಸುತ್ತೇನೆ. ಆಮೇಲೆ ಹೊಲದವರನ್ನು ಹತ್ತಿರ ಕರೆದು, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ ಎಂದು ಹೇಳಿ, ಅವರ ಮುಖ ನೋಡುತ್ತ ಕೂರುತ್ತೇನೆ.