ಸರೋಜಕ್ಕನ ದವಡೆ

ನಮ್ಮ ಸರೋಜಕ್ಕ ಸೀಬೆಹಣ್ಣನ್ನು ಮೊದಲ ಸಲ ಕಚ್ಚಿ ತಿಂದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಆಪರೇಷನ್ ಆದ ಮೇಲೆ. ಅಲ್ಲಿಯವರೆಗೆ ಕೆಳದವಡೆ ಮುಂದಕ್ಕೆ ಚಾಚಿಕೊಂಡು, ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೂಡುತ್ತಲೇ ಇರಲಿಲ್ಲ. ಹಾಗಂತ ಮುದುರಿಕೊಂಡು ಕೂರುವವಳಲ್ಲ ನನ್ನಕ್ಕ. ಹಿಂದೂಪುರದ ನಮ್ಮ ಬೀದಿಯಲ್ಲಿ ಯಾರಾದರೂ ದಿಟ್ಟಿಸಿದರೆ, "ಅಟ್ಲಾ ಸೂಸ್ತಾವೇಮಮ್ಮಾ, ಹಂಗ್ಯಾಕೆ ನೋಡ್ತೀಯಾ, ಅಳತೆ ತಕಂತೀಯಾ?" ಎಂದು ಕೇಳಿ ಅವರೇ ತಲೆ ತಗ್ಗಿಸುವಂತೆ ಮಾಡುತ್ತಿದ್ದಳು. ಮಗ್ಗದಲ್ಲಿ ಕೂತರೂ ಅಷ್ಟೇ, ಒಂದೆಳೆ ತಪ್ಪುತ್ತಿರಲಿಲ್ಲ.

ಬೆಂಗಳೂರಿನ ಡಾಕ್ಟರು ದವಡೆ ಕೊಯ್ದು ಹಿಂದಕ್ಕೆ ಕೂರಿಸಿದರು. ಒಂದೂವರೆ ತಿಂಗಳು ಹಲ್ಲಿಗೆ ತಂತಿ ಕಟ್ಟಿ ಬಾಯಿ ಬಿಗಿದಿದ್ದರು. ಅಕ್ಕ ರಾಗಿ ಗಂಜಿ ಹೀರಿಕೊಂಡು ಬದುಕಿದಳು. ಆಮೇಲೆ ಹಲ್ಲಿನ ತಂತಿಗೆ ಸಣ್ಣ ರಬ್ಬರುಗಳನ್ನು ಸಿಕ್ಕಿಸಿ, ವರ್ಷ ತುಂಬುವವರೆಗೆ ಎರಡನ್ನೂ ತೆಗೆಯಬೇಡಿ, ತೆಗೆದರೆ ದವಡೆ ಹಳೇ ಜಾಗಕ್ಕೇ ಸರಿಯುತ್ತದೆ ಎಂದರು.

ನಾಲ್ಕನೇ ತಿಂಗಳಿಗೇ ಕಲ್ಯಾಣದುರ್ಗದ ಗಂಡಿನವರು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು. ಆಪರೇಷನ್ ಸುದ್ದಿ ಎತ್ತಲೇಬಾರದೆಂದು ಅಮ್ಮನ ಕಟ್ಟಪ್ಪಣೆ. ತಂತಿ ಕಂಡರೆ ಯಾರೋ ಮಾಟ ಮಾಡಿಸಿ ಬಾಯಿಕಟ್ಟು ಹಾಕಿಸಿದ್ದಾರೆ ಅಂದುಕೊಳ್ಳುತ್ತಾರಂತೆ! ಅಕ್ಕ ಒಲ್ಲೆನೆಂದಳು. ಅವಳನ್ನು ಪುಸಲಾಯಿಸಿ, ಪೇಟೆಯಲ್ಲಿ ಹಲ್ಲು ಕೀಳುವವನ ಹತ್ತಿರ ಕರೆದೊಯ್ದು ತಂತಿ ಬಿಚ್ಚಿಸಿದವಳು ನಾನು. ಅವಳದಾದರೆ ಮುಂದೆ ನನ್ನ ಸರದಿಯಲ್ಲವೇ. ಥೂ, ನನ್ನ ಅವಸರಕ್ಕಿಷ್ಟು.

ಮದುವೆಯಾಯಿತು. ದವಡೆ ಸದ್ದಿಲ್ಲದೆ ಮುಂದೆ ಸರಿಯುತ್ತಾ ಬಂತು. ಎರಡನೇ ಯುಗಾದಿಗೆ ಬಂದಾಗ ಅಕ್ಕ ಹೋಳಿಗೆಯನ್ನೂ ಚೂರು ಮಾಡಿಕೊಂಡು ತಿನ್ನುತ್ತಿದ್ದಳು. ಮೂರನೇ ವರ್ಷ ಅವಳ ಅತ್ತೆಯೇ ಬಸ್ಸಿನಲ್ಲಿ ಕರೆತಂದು ನಮ್ಮ ಮನೆಗೆ ಬಿಟ್ಟರು.

"ತೋರ್ಸಿದ್ದು ಒಂದ್ ಮೊಕ, ಕಳ್ಸಿದ್ದು ಒಂದ್ ಮೊಕ. ಮೋಸ ಮಾಡ್ಬುಟ್ರಿ ಕಣಮ್ಮ," ಎಂದು ನಮ್ಮಮ್ಮನಿಗೆ ಬಾಗಿಲಲ್ಲೇ ನಿಂತು ಹೇಳಿ ಹೋದರು. ಭಾವ ಆ ಕಡೆಯಿಂದ ಒಂದು ಕಾಗದವನ್ನೂ ಬರೆಯಲಿಲ್ಲ.

ಬೆಂಗಳೂರಿಗೆ ಮತ್ತೆ ನಾನೇ ಜೊತೆಗೆ ಹೋದೆ. ಇನ್ನೊಮ್ಮೆ ಕೊಯ್ದರೆ ಸರಿಹೋಗಬಹುದು ಎಂದ ಡಾಕ್ಟರು, ತಂತಿ ಬಿಚ್ಚಿಸಿದವರು ಯಾರೆಂದು ಸಿಟ್ಟಿನಿಂದ ಕೇಳಿದರು.

"ನಾನೇ ಸಾರ್. ಮದ್ವೆ ಆತುರ," ಎಂದಳು ಅಕ್ಕ.

ಹೊರಗೆ ಬಂದ ಮೇಲೆ ಅವಳ ಕೈ ಹಿಡಿದು, ಇನ್ನೊಂದು ಸಲ ಮಾಡಿಸೋಣ, ಈ ಸಲ ನಾನು ಜೊತೆಗಿದ್ದು ನೋಡಿಕೊಳ್ಳುತ್ತೇನೆ ಎಂದು ಗೋಗರೆದೆ. ಕೈ ಬಿಡಿಸಿಕೊಂಡಳು.

"ನಿನ್ನ ನೋಡಕ್ಕೆ ಗಂಡಿನೋರು ಬತ್ತಾರಲ್ಲ, ಆವತ್ತು ನಾನು ಮನೇಲಿರಾಕಿಲ್ಲ ಬಿಡು. ಅದೇ ತಾನೇ ನಿಂಗೆ ಬೇಕಿರೋದು?"

ಹೇಳಿದಂತೆಯೇ ಮಾಡಿದಳು. ಧರ್ಮಾವರಕ್ಕೆ ಹೋಗಿ ಯಾರದೋ ಮಗ್ಗದಲ್ಲಿ ಕೂಲಿಗೆ ಕೂತಳು. ಕರೆಯಲು ಹೋದ ಅಪ್ಪನನ್ನು ಊಟ ಹಾಕಿ ಕಳಿಸಿದಳು, ಅಷ್ಟೇ. ನನ್ನ ಮದುವೆಯ ದಿನ ಹಸೆಮಣೆಯ ಮೇಲೆ ಕೂತು ಬಾಗಿಲ ಕಡೆಗೇ ನೋಡುತ್ತಿದ್ದೆ. ಅಕ್ಕ ಬರುವುದಿಲ್ಲವೆಂದು ಖಾತ್ರಿಯಾದಾಗ ನನಗೆ ನೆಮ್ಮದಿಯಾಯಿತು.