ಮೊದಲ ಸೂಜಿ ನಂಬದ ಸುಂದ್ರವ್ವ

ತುಕ್ಕಾನಟ್ಟಿಯ ನಮ್ಮ ಹಾಲಿನ ಡೇರಿಯಲ್ಲಿ ಹದಿನಾಲ್ಕು ವರ್ಷದಿಂದ ಹಾಲು ಅಳೆಯುವವಳು ಸುಂದ್ರವ್ವ. ಅವಳ ಜೊತೆ ಜಗಳಾಡದವರು ಊರಲ್ಲಿ ಯಾರೂ ಇಲ್ಲ. ದಿನಾ ಹಾಲು ಹಾಕುವ ನಾನಂತೂ ತಿಂಗಳಿಗೆರಡು ಸಲ ಆಡುತ್ತಿದ್ದೆ. ಯಾರ ಕ್ಯಾನು ಬಂದರೂ ತಳದ ತನಕ ಸೌಟು ಇಳಿಸಿ ನಿಧಾನವಾಗಿ ಕಲಕುತ್ತಾಳೆ, ಫ್ಯಾಟ್ ನೋಡುವ ಚಿಕ್ಕ ಶೀಶೆಗೆ ಹಾಲು ತೆಗೆಯುವುದು ಆಮೇಲೆಯೇ. ಹಿಂದೆ ಇಪ್ಪತ್ತು ಜನ ನಿಂತು ಒದರಾಡಲಿ, ಅವಳಿಗೇನು!

"ಕಲಕದ ತಗದ್ರ ಮ್ಯಾಲಿನ ಕೆನಿ ಅಷ್ಟ ಬರತೈತ್ರಿ. ಅದು ನಿಮ್ಮ ಹಾಲಲ್ಲ," ಎನ್ನುತ್ತಾಳೆ.

ಹೋದ ಶ್ರಾವಣದಲ್ಲಿ ಮೈ ತೊಳೆಯುವಾಗ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಅವಳ ಕೈಗೆ ಸಿಕ್ಕಿತು. ನೋವಿರಲಿಲ್ಲ. ಗಂಡ ಶಿವಪುತ್ರ ಮೂಡಲಗಿಗೆ ಕರೆದೊಯ್ದ. ಡಾಕ್ಟರು ಬೆರಳಿನಿಂದ ಗಂಟು ಹಿಡಿದು, ಸೂಜಿ ಚುಚ್ಚಿ ಒಂದಿಷ್ಟು ಎಳೆದುಕೊಂಡರು. ನಾಲ್ಕು ದಿನಕ್ಕೆ ರಿಪೋರ್ಟು ಬಂತು. ಕೆಟ್ಟದ್ದೇನೂ ಕಂಡಿಲ್ಲ, ಆದರೆ ಸೂಜಿಗೆ ಬಂದದ್ದು ಬರೀ ರಕ್ತ, ಸ್ಕ್ಯಾನಿನಲ್ಲಿ ನೋಡುತ್ತ ಇನ್ನೊಮ್ಮೆ ತೆಗೆಸಿರಿ ಎಂದು ಡಾಕ್ಟರು ಹೇಳಿದರು. ಶಿವಪುತ್ರನಿಗೆ ಮೊದಲ ಮಾತಷ್ಟೇ ಸಾಕಾಯಿತು. ಒಂದು ಕಿಲೋ ಪೇಢೆ ತಂದು ಡೇರಿಯ ಮುಂದೆ ಹಂಚಿದ. ನಾನೂ ಎರಡು ತಿಂದೆ.

ಸುಂದ್ರವ್ವ ಮುಟ್ಟಲಿಲ್ಲ.

"ಅಕ್ಕಾ, ಗಂಟು ಇದ್ದಲ್ಲೇ ಐತಿ. ಸೂಜಿ ಅದರ ಬಾಜೂಕ ಹೋಗಿದ್ರ?" ಎಂದಳು ನನಗೆ.

ಶಿವಪುತ್ರ ಕೆಂಡವಾದ. "ಇಲ್ಲ ಅಂದದ್ದನ್ನ ಹುಡಿಕ್ಕೊಂಡ ಹೊಂಟಿಯಲ್ಲ, ಬ್ಯಾನಿ ಬೇಡಿ ತರಾಕಿ ಏನ ನೀ?"

ಓಣಿಯ ಹೆಂಗಸರೂ ಹಾಗೇ ಅಂದರು. ಸುಂದ್ರವ್ವನಿಗೆ ಊಟ ಸೇರುತ್ತಿರಲಿಲ್ಲ, ಮಾತಾಡುತ್ತಿದ್ದಂತೆಯೇ ಕೈ ಸೆರಗಿನೊಳಗೆ ಹೋಗಿ ಆ ಜಾಗ ಮುಟ್ಟಿ ಬರುತ್ತಿತ್ತು. ನೋಡಿ ನೋಡಿ ನನಗೆ ತಲೆ ಕೆಟ್ಟಿತು. ಕಡೆಗೆ ಗೋಕಾಕಕ್ಕೆ ನಾನೇ ಕರೆದುಕೊಂಡು ಹೋದೆ. ಇವಳ ಹುಚ್ಚು ಬಿಡಿಸಬೇಕೆಂದು ಹೋದೆ, ಖರೆ ಹೇಳುತ್ತೇನೆ.

ಸ್ಕ್ಯಾನಿನ ಕೋಣೆಯಲ್ಲಿ ಮಲಗಿದಲ್ಲೇ ಸುಂದ್ರವ್ವ ಲೇಡಿ ಡಾಕ್ಟರನ್ನು ಕೇಳಿದಳು: "ಬಾಯಾರ, ಹಾಲಾದ್ರ ಕಲಕಿ ತಗೀತೇನಿ. ನನ್ನ ಕಲಕಾಕ ಬರೂದಿಲ್ಲ. ಗಂಟಿನಾಗಿಂದ ಬಂತೋ, ಬಾಜೂದಿಂದ ಬಂತೋ, ಹೆಂಗ ತಿಳೀಬೇಕ್ರಿ?"

ಡಾಕ್ಟರು ನಕ್ಕುಬಿಟ್ಟರು. ಆಮೇಲೆ ಪರದೆಯನ್ನು ಅವಳ ಕಡೆ ತಿರುಗಿಸಿದರು. "ಈ ಕರೀದು ನಿಮ್ಮ ಗಂಟು. ಈಗ ಒಳಗ ಬರೂ ಬಿಳಿ ಗೆರಿ ನಮ್ಮ ಸೂಜಿ. ನೀವ ನೋಡ್ರಿ."

ಜಾಗ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಬಿಳಿ ಗೆರೆ ಕರಿಯದರ ಒಳಗೇ ಹೋದದ್ದನ್ನು ಬಾಗಿಲ ಹತ್ತಿರ ನಿಂತ ನಾನೂ ಕಂಡೆ. ಸೂಜಿ ಟಕ್ ಎಂದಿತು. ಹಾಗೆ ನಾಲ್ಕು ಸಲ. ಶಾವಿಗೆ ತುಣುಕಿನಂಥ ನಾಲ್ಕು ಚೂರು ಶೀಶೆಯಲ್ಲಿ ಬಿದ್ದವು. ಎಂಟು ದಿನ ಬಿಟ್ಟು ಬರ್ರಿ ಎಂದರು.

ಆ ಎಂಟು ದಿನ ಯಾರಿಗೂ ಬೇಡ. ಆರನೆಯ ದಿನ ಸುಂದ್ರವ್ವ ನನ್ನ ಕ್ಯಾನು ಕಲಕದೆಯೇ ಶೀಶೆ ತುಂಬಿದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ರಿಪೋರ್ಟಿನ ದಿನ ಶಿವಪುತ್ರನೂ ಬಂದ. ಕ್ಯಾನ್ಸರೇ. ಚಿಕ್ಕದಿದ್ದಾಗಲೇ ಸಿಕ್ಕಿದೆ, ಗುಣವಾಗುವ ಭರವಸೆ ಬಹಳ ಇದೆ, ಬೆಳಗಾವಿಗೆ ತಡಮಾಡದೆ ಹೋಗಿರಿ ಎಂದರು ಡಾಕ್ಟರು. ಶಿವಪುತ್ರ ಗೋಡೆ ಹಿಡಿದು ಕುಳಿತ. ಸುಂದ್ರವ್ವ ಹೊರಗಿನ ಬೆಂಚಿನ ಮೇಲೆ ಕುಳಿತು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಅಕ್ಕಾ, ಈ ಸಲ ಆದ್ರೂ ನಂದ ತಪ್ಪಾಗಬೇಕಿತ್ತು," ಎಂದು ಬಿಕ್ಕಿದಳು.

ಈಗ ಆಪರೇಷನ್ ಆಗಿ ಮನೆಗೆ ಬಂದಿದ್ದಾಳೆ. ಚಿಕಿತ್ಸೆ ಇನ್ನೂ ಇದೆ, ಹೆದರಿಕೆಯೂ ಇದೆ. ಎಡಗೈ ಎತ್ತಲಾಗದು, ಅದಕ್ಕೇ ಡೇರಿಯಲ್ಲಿ ಅವಳ ಬದಲು ಶಿವಪುತ್ರ ಕೂಡುತ್ತಾನೆ. ನಿನ್ನೆ ಮುಂಜಾನೆ ಸಾಲು ಬಾಗಿಲು ದಾಟಿತ್ತು. ಹಾಲು ಹಾಕಲು ಬಂದ ಮುದುಕಿ ಮುದಕವ್ವ ನಿಂತು ನಿಂತು ಬೇಸತ್ತು ಕೂಗಿದಳು: "ಸಾಕ ಬಿಡೋ ತಮ್ಮಾ, ಎಷ್ಟ ಕಲಕತಿ!"

ಶಿವಪುತ್ರ ಸೌಟನ್ನು ತಳದ ತನಕ ಇಳಿಸಿ ಇನ್ನೊಮ್ಮೆ ಕಲಕಿದ.