ಮಾದಾಪುರದ ಸೋರ್‌ಡೋ ಬ್ರೆಡ್

ಮಾದಾಪುರದ ಹೋಂಸ್ಟೇ ಅಡುಗೆಮನೆಯಲ್ಲಿ ನಾನು, ತಂಗಿ ಸುಧಾ, ಮನೆಯೊಡತಿ ಗಂಗಮ್ಮ ಮೂವರೇ ಇದ್ದೆವು. ಚೂರು ಗೋಧಿ ಹೊಟ್ಟೆಗೆ ಹೋದರೂ ಕರುಳು ಕೆಡುವ ಸಿಲಿಯಾಕ್ ಕಾಯಿಲೆ ಸುಧಾಳದು. ಬ್ರೆಡ್ ಬಿಟ್ಟು ಆರು ವರ್ಷ. ಗಂಗಮ್ಮ ಹಿಟ್ಟು ನಾದಿದ ಮಣೆಯ ಮೇಲೆಯೇ ಬಿಸಿ ಸೋರ್‌ಡೋ ಬ್ರೆಡ್ ಕೊಯ್ಯುತ್ತಿದ್ದರು.

“ಎರಡು ದಿನ ಹುಳಿ ಬರ್ಸಿರೋ ಹಿಟ್ಟು ಕಣವ್ವ. ಗೋಧೀಲಿರೋ ಕೆಟ್ಟದ್ನೆಲ್ಲ ಹುಳಿನೇ ತಿಂದಿರ್ತದೆ, ತಿನ್ನು!”

ಸುಧಾ ನನ್ನ ಮುಖ ನೋಡಿದಳು. ಇಡ್ಲಿ ಹಿಟ್ಟಿನ ಹುಳಿಯನ್ನು ನಂಬಿ ಬೆಳೆದ ನಾನು, “ತಿನ್ನೇ, ಏನಾಗಲ್ಲ” ಎಂದುಬಿಟ್ಟೆ. ಅವಳು ಕಣ್ಣು ಮುಚ್ಚಿ ಎರಡು ಹೋಳು ತಿಂದಳು.

ಸಂಜೆಯಿಂದ ವಾಂತಿ, ಭೇದಿ. ಎದ್ದು ಕೂರಲೂ ಆಗಲಿಲ್ಲ. ಮೂರನೆಯ ದಿನ ಗಂಗಮ್ಮ ಕಣ್ಣೊರೆಸಿಕೊಳ್ಳುತ್ತ ಅಕ್ಕಿ ರೊಟ್ಟಿ ತಂದರು. “ಇದು ಬರೀ ಅಕ್ಕಿ ಕಣವ್ವ.”

“ಯಾವ ಮಣೆ ಮೇಲೆ ಲಟ್ಟಿಸಿದ್ರಿ, ಅಮ್ಮ?” ಎಂದಳು ಹಸಿದಿದ್ದ ಸುಧಾ.

ಆ ಮನೆಯಲ್ಲಿದ್ದದ್ದು ಒಂದೇ ಮಣೆ. ಗಂಗಮ್ಮ ತಟ್ಟೆಯನ್ನು ಸೆರಗಿನಿಂದ ಮುಚ್ಚಿ ಒಳಗೆ ಕೊಂಡೊಯ್ದರು.